ಹಿಂದಿನ ಸಾಲಿನವರು: ರಾಜರಾಜೇಶ್ವರಿನಗರದಿಂದ ಕಂಡ ಫುಟ್‌ಬಾಲ್ ಡಿಫೆಂಡರ್ ವೃತ್ತಿ

ಗೋಲ್‌ಕೀಪರನ ಮುಂದೆ ನಿಂತು, ಎದುರಾಳಿಯ ದಾಳಿಯನ್ನು ಗೋಲಿನವರೆಗೆ ಬರಗೊಡದೆ ತಡೆಯುವ ಆಟಗಾರನೇ ಡಿಫೆಂಡರ್. ತಂಡದ ಹನ್ನೊಂದು ಮಂದಿಯಲ್ಲಿ ಸಾಮಾನ್ಯವಾಗಿ ನಾಲ್ವರು, ಕೆಲವು ಕೋಚ್‌ಗಳ ಲೆಕ್ಕದಲ್ಲಿ ಮೂವರು ಅಥವಾ ಐವರು, ಈ ಕೆಲಸಕ್ಕೆ ಮೀಸಲು. ಗೋಲು ಹೊಡೆದವನ ಫೋಟೊ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಡಿಫೆಂಡರ್‌ನ ಹೆಸರು ಬರಬೇಕಾದರೆ ಅವನು ಏನಾದರೂ ಎಡವಟ್ಟು ಮಾಡಿರಬೇಕು, ಇಲ್ಲವೇ ತಾನೇ ಮುಂದೆ ಹೋಗಿ ಗೋಲು ಹೊಡೆದಿರಬೇಕು.

ರಾಜರಾಜೇಶ್ವರಿನಗರದ ಆರ್ಚ್ ದಾಟಿ ಒಳಗೆ ಬಂದರೆ ಸಂಜೆ ಹೊತ್ತು ಬಲೆ ಕಟ್ಟಿದ ಟರ್ಫ್‌ಗಳಲ್ಲಿ ದೀಪ ಹತ್ತಿರುತ್ತದೆ. ಮಕ್ಕಳ ಬೆನ್ನ ಮೇಲೆ ಚೆಟ್ರಿ, ಮೆಸ್ಸಿ, ರೊನಾಲ್ಡೊ ಹೆಸರು. ಹೊರಗೆ ಸ್ಕೂಟರ್ ಮೇಲೆ ಕೂತು ಕಾಯುವ ಅಪ್ಪ ಅಮ್ಮಂದಿರ ಪ್ರಶ್ನೆ ಒಂದೇ: ಇದರಲ್ಲಿ ಜೀವನ ಆಗುತ್ತದಾ? ಡಿಫೆಂಡರ್ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಹುಡುಕುವುದು ಈ ಲೇಖನದ ಕೆಲಸ.

ಯಾರು ಎಲ್ಲಿ ನಿಲ್ಲುತ್ತಾರೆ

ಗೋಲಿನ ನೇರಕ್ಕೆ ನಿಲ್ಲುವವರು ಸೆಂಟರ್ ಬ್ಯಾಕ್‌ಗಳು. ನಮ್ಮ ಹಳೆಯ ಆಟಗಾರರ ಬಾಯಲ್ಲಿ ಇವರು ಸ್ಟಾಪರ್‌ಗಳು. ಎರಡು ಅಂಚಿನಲ್ಲಿ ರೈಟ್ ಬ್ಯಾಕ್, ಲೆಫ್ಟ್ ಬ್ಯಾಕ್. ಸ್ಟಾಪರ್‌ಗೆ ಎತ್ತರ, ಹೆಡ್ಡಿಂಗ್, ಜೊತೆಗೆ ಸಹ ಆಟಗಾರರನ್ನು ಕೂಗಿ ಸರಿಯಾದ ಜಾಗದಲ್ಲಿ ನಿಲ್ಲಿಸುವ ಗಂಟಲು ಬೇಕು. ಅಂಚಿನ ಬ್ಯಾಕ್‌ಗಳಿಗೆ ದಮ್ಮು ಬೇಕು. ಇಂದಿನ ಆಟದಲ್ಲಿ ಅವರು ದಾಳಿಗೂ ಓಡಬೇಕು, ಚೆಂಡು ಕಳೆದ ಮರುಕ್ಷಣ ಅಷ್ಟೇ ದೂರ ವಾಪಸ್ಸೂ ಓಡಬೇಕು.

ಈ ಸಾಲು ಹೀಗೆ ರೂಪುಗೊಳ್ಳಲು ಮುಖ್ಯ ಕಾರಣ ಆಫ್‌ಸೈಡ್ ನಿಯಮ. 1925ರವರೆಗೆ ದಾಳಿಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿ ತಂಡದ ಮೂವರು ಇರಬೇಕಿತ್ತು. ಆ ವರ್ಷ ಅದು ಎರಡಕ್ಕೆ ಇಳಿಯಿತು, ಗೋಲುಗಳ ಮಳೆ ಶುರುವಾಯಿತು. ಮಧ್ಯದ ಸಾಲಿನಲ್ಲಿದ್ದವನೊಬ್ಬನನ್ನು ಹಿಂದಕ್ಕೆ ಎಳೆದು ಸ್ಟಾಪರ್ ಮಾಡಿದ್ದು ಆಗಲೇ. ಬ್ರೆಜಿಲ್ 1958ರ ವಿಶ್ವಕಪ್ ಗೆದ್ದಾಗ ಹಿಂದೆ ನಾಲ್ವರನ್ನು ನಿಲ್ಲಿಸುವ ಪದ್ಧತಿ ಜಗತ್ತಿಗೆಲ್ಲ ಹಬ್ಬಿತು. ಭಾರತಕ್ಕೆ ಅದನ್ನು ಒಗ್ಗಿಸಿದವರು ಹೈದರಾಬಾದಿನ ಕೋಚ್ ಎಸ್. ಎ. ರಹೀಮ್. ಅವರದೇ ತಂಡ 1962ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿತು. ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಮ್ ಮುಂಚೂಣಿಯಲ್ಲಿ ಆಡಿಸಿದರು. ಫೈನಲ್‌ನಲ್ಲಿ ಜರ್ನೈಲ್ ಗೋಲನ್ನೂ ಹೊಡೆದರು. ಸ್ಟಾಪರ್‌ಗಳ ಬಗ್ಗೆ ‘ಒದ್ದು ಕಳಿಸುವುದಷ್ಟೇ ಗೊತ್ತು’ ಎನ್ನುವವರಿಗೆ ಈ ಪಂದ್ಯ ನೆನಪಿಸಬೇಕು.

ಟರ್ಫ್‌ನಲ್ಲಿ ಸಿಗದ ಪಾಠ

ಪಶ್ಚಿಮ ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಮಕ್ಕಳು ಆಡುವುದು ಹೆಚ್ಚಾಗಿ ಐದೈದು ಮಂದಿಯ ಆಟ. ಚೆಂಡು ಕಾಲಿಗೆ ಮೇಲಿಂದ ಮೇಲೆ ಸಿಗುತ್ತದೆ, ಡ್ರಿಬ್ಲಿಂಗ್ ಚೆನ್ನಾಗಿ ಬರುತ್ತದೆ. ಅದರಲ್ಲಿ ಡಿಫೆಂಡರ್ ಮಾತ್ರ ತಯಾರಾಗುವುದು ಕಷ್ಟ. ಇಂಥ ಆಟದಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ ಇರುವುದಿಲ್ಲ, ಹಾಗಾಗಿ ನಾಲ್ವರೂ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಸರಿಯುವ ಅಭ್ಯಾಸವೇ ಆಗದು. ತಲೆಯ ಮೇಲೆ ಬಲೆಯಿದ್ದರೆ ನಲವತ್ತು ಮೀಟರ್ ದೂರದಿಂದ ತೇಲಿ ಬರುವ ಚೆಂಡು ಎಲ್ಲಿ ಬೀಳುತ್ತದೆ ಎಂದು ಅಳೆಯುವ ಸಂದರ್ಭ ಎಲ್ಲಿ ಬರಬೇಕು? ಬೆನ್ನ ಹಿಂದೆ ಮೂವತ್ತು ಮೀಟರ್ ಖಾಲಿ ಜಾಗ ಬಿಟ್ಟು ನಿಂತಾಗ ಆಗುವ ಭಯವನ್ನು ಟರ್ಫ್ ಕಲಿಸಲಾರದು.

ಪೂರ್ಣ ಅಳತೆಯ ಮೈದಾನ, ಅಂದರೆ ಸುಮಾರು 105 ಮೀಟರ್ ಉದ್ದ, 68 ಮೀಟರ್ ಅಗಲದ್ದು, ಸಿಕ್ಕಾಗಲೇ ನಿಜವಾದ ಪಾಠ. ಒಬ್ಬ ವಿಂಗರ್ ಚೆಂಡು ಹಿಡಿದು ನುಗ್ಗಿ ಬರುತ್ತಿದ್ದಾನೆ ಅಂದುಕೊಳ್ಳಿ. ಕಲಿಯದ ಹುಡುಗ ಎದೆಯೊಡ್ಡಿ ನೇರ ನಿಲ್ಲುತ್ತಾನೆ, ಚೆಂಡಿಗೆ ಕಾಲು ಹಾಕುತ್ತಾನೆ, ವಿಂಗರ್ ಪಕ್ಕದಿಂದ ಜಾರಿ ಹೋಗುತ್ತಾನೆ. ಕಲಿತವನು ಮೈಯನ್ನು ಓರೆ ಮಾಡಿ, ಮೊಣಕಾಲು ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದೆ ಸರಿಯುತ್ತಾನೆ. ಒಳಗಿನ ದಾರಿ ಮುಚ್ಚಿ ವಿಂಗರ್‌ನನ್ನು ಅಂಚಿನ ಗೆರೆಯ ಕಡೆಗೇ ಒತ್ತುತ್ತಾನೆ. ಕಣ್ಣು ಎದುರಾಳಿಯ ಮುಖದ ಮೇಲಲ್ಲ, ಚೆಂಡಿನ ಮೇಲೆ. ವಿಂಗರ್ ಒಂದು ಸಲ ಚೆಂಡನ್ನು ತುಸು ಮುಂದೆ ತಳ್ಳಿದಾಗ ಮಾತ್ರ ಕಾಲು ಹಾಕುತ್ತಾನೆ. ಹುಲ್ಲಿಗೆ ಜಾರಿ ಬಿದ್ದು ಮಾಡುವ ಟ್ಯಾಕಲ್‌ಗೆ ಜನ ಚಪ್ಪಾಳೆ ಹೊಡೆಯುತ್ತಾರೆ ನಿಜ, ಆದರೆ ಒಳ್ಳೆಯ ಡಿಫೆಂಡರ್‌ಗೆ ಅದು ಬೇರೆ ದಾರಿ ಇಲ್ಲದಾಗಿನ ಉಪಾಯ.

ಆಟ ಬೆಳೆದದ್ದು ಊರಿನ ಆ ಕಡೆ

ಬೆಂಗಳೂರಿನ ಫುಟ್‌ಬಾಲ್ ಹುಟ್ಟಿ ಬೆಳೆದದ್ದು ದಂಡು ಪ್ರದೇಶದಲ್ಲಿ. ಹಲಸೂರು ಬಳಿಯ ಗೌತಮಪುರ, ಆಸ್ಟಿನ್ ಟೌನ್‌ನಂಥ ಬೀದಿಗಳಲ್ಲಿ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಸೇನೆಯ ತಂಡಗಳ ಪಾರಮ್ಯದ ಕಾಲದಲ್ಲಿ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ರೋವರ್ಸ್ ಕಪ್ ಗೆದ್ದಿತು, ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್, ಬರಿಗಾಲಿನಲ್ಲೇ ಚೆಂಡನ್ನು ಕುಣಿಸುತ್ತಿದ್ದ ಅಹಮದ್ ಖಾನ್, ಇಬ್ಬರೂ ಬೆಂಗಳೂರಿನವರು. ಇಬ್ಬರೂ ಮುಂಚೂಣಿಯವರು ಎಂಬುದನ್ನೂ ಗಮನಿಸಬೇಕು. ಆ ಕಾಲದ ಬ್ಯಾಕ್‌ಗಳನ್ನು ಊರು ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ.

ಮೈಸೂರು ರಾಜ್ಯದ ತಂಡ ನಾಲ್ಕು ಸಲ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಮತ್ತೊಂದು ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಮಣಿಸಿತು.

ನೇರಳೆ ಮಾರ್ಗದ ಮೆಟ್ರೊ 2021ರ ಆಗಸ್ಟ್‌ನಲ್ಲಿ ಕೆಂಗೇರಿವರೆಗೆ ಬಂದ ಮೇಲೆ ರಾಜರಾಜೇಶ್ವರಿನಗರಕ್ಕೂ ಕಂಠೀರವ ಕ್ರೀಡಾಂಗಣಕ್ಕೂ ದೂರ ಕಡಿಮೆಯಾಯಿತು. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆದರಾಯಿತು. ಬೆಂಗಳೂರು ಎಫ್‌ಸಿ ಪಂದ್ಯದ ದಿನ ನೀಲಿ ಜೆರ್ಸಿ ಹಾಕಿದ ಹುಡುಗರು ಮೈಸೂರು ರಸ್ತೆಯ ಕಡೆಯಿಂದಲೂ ರೈಲು ಹತ್ತುತ್ತಾರೆ. ನೋಡುವವರು ಪಶ್ಚಿಮದಲ್ಲಿ ಹೆಚ್ಚಾಗಿದ್ದಾರೆ. ಆಡುವವರು ಇನ್ನೂ ಹೆಚ್ಚಬೇಕಷ್ಟೆ.

ನೌಕರಿಯಿಂದ ಒಪ್ಪಂದಕ್ಕೆ

ಹಿಂದೆ ಬೆಂಗಳೂರಿನ ಆಟಗಾರ ಸಂಬಳ ಎಣಿಸುತ್ತಿದ್ದುದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳಲ್ಲಿ. ಬೆಳಿಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ಸಂಜೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯ. ಆಟ ನಿಂತರೂ ನೌಕರಿ ಉಳಿಯುತ್ತಿತ್ತು. ಈ ವ್ಯವಸ್ಥೆಯನ್ನು ಹಳೆಯ ಕಾಲದ್ದೆಂದು ನಗುವವರು ಅದರಲ್ಲಿದ್ದ ನೆಮ್ಮದಿಯನ್ನು ಮರೆಯುತ್ತಾರೆ. ಎಚ್‌ಎಎಲ್ ತಂಡ 2010–11ರಲ್ಲೂ ಆಗ ದೇಶದ ಮೇಲ್ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಆಡಿತ್ತು.

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರು ಎಫ್‌ಸಿ ಕಟ್ಟಿದಾಗ ಲೆಕ್ಕಾಚಾರ ಬದಲಾಯಿತು. ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಸ್ವತಃ ಡಿಫೆಂಡರ್ ಆಗಿದ್ದವರು. ಹಿಂದಿನ ಸಾಲಿಗೆ ಅವರು ತಂದದ್ದು ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ ಅವರನ್ನು. ಆಡಿದ ಮೊದಲ ಋತುವಿನಲ್ಲೇ, 2014ರ ಏಪ್ರಿಲ್‌ನಲ್ಲಿ, ತಂಡ ಐ-ಲೀಗ್ ಗೆದ್ದಿತು. ನಾಯಕ ಸುನಿಲ್ ಚೆಟ್ರಿಯ ಗೋಲುಗಳು ಎಲ್ಲರಿಗೂ ನೆನಪಿವೆ. ಆ ಗೋಲುಗಳಿಗೆ ಬೆಲೆ ಬರುವಂತೆ ಹಿಂದೆ ಬಾಗಿಲು ಕಾದವರ ಲೆಕ್ಕ ಇಟ್ಟವರು ಕಡಿಮೆ.

ಭಾರತೀಯ ಡಿಫೆಂಡರ್‌ಗೆ ಇದರಲ್ಲೊಂದು ತೊಡಕೂ ಇತ್ತು. ಕ್ಲಬ್‌ಗಳು ವಿದೇಶಿಯರನ್ನು ತಂಡದ ಬೆನ್ನೆಲುಬಿಗೇ, ಅಂದರೆ ಸ್ಟಾಪರ್, ನಡುಮೈದಾನ, ಸ್ಟ್ರೈಕರ್ ಜಾಗಗಳಿಗೇ ತರುತ್ತಿದ್ದವು. ನಮ್ಮ ಹುಡುಗರಿಗೆ ಉಳಿದದ್ದು ಅಂಚಿನ ಬ್ಯಾಕ್ ಸ್ಥಾನ. 2021–22ರಿಂದ, ಐ-ಲೀಗ್ ಜಾಗಕ್ಕೆ ಬಂದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಏಕಕಾಲಕ್ಕೆ ಮೈದಾನದಲ್ಲಿರಬಹುದಾದ ವಿದೇಶಿಯರ ಸಂಖ್ಯೆ ಐದರಿಂದ ನಾಲ್ಕಕ್ಕೆ ಇಳಿದ ಮೇಲೆ ಮಧ್ಯದಲ್ಲಿ ಕೊಂಚ ಜಾಗವಾಯಿತು.

ಎರಡು ಮಾರ್ಚ್ 17

2018ರ ಮಾರ್ಚ್ 17, ಕಂಠೀರವ. ಐಎಸ್‌ಎಲ್‌ಗೆ ಬಂದ ಮೊದಲ ವರ್ಷವೇ ಬೆಂಗಳೂರು ಎಫ್‌ಸಿ ಫೈನಲ್ ತಲುಪಿತ್ತು. ಒಂಬತ್ತನೇ ನಿಮಿಷಕ್ಕೇ ಚೆಟ್ರಿ ಗೋಲು ಹೊಡೆದರು. ಆಮೇಲೆ ನಡೆದದ್ದು ತವರಿನ ಪ್ರೇಕ್ಷಕರಿಗೆ ಹೊಟ್ಟೆ ಉರಿಸುವ ಕಥೆ. ಎದುರಾಳಿ ಚೆನ್ನೈಯಿನ್ ತಂಡದ ಬ್ರೆಜಿಲ್ ಸ್ಟಾಪರ್ ಮೈಲ್ಸನ್ ಆಲ್ವೆಸ್ ಮೊದಲಾರ್ಧದಲ್ಲೇ ಎರಡು ಸಲ, ಎರಡೂ ಸಲ ಕಾರ್ನರ್ ಕಿಕ್‌ಗೆ ತಲೆಕೊಟ್ಟು ಗೋಲು ಹೊಡೆದರು. ಪಂದ್ಯ 2–3ರಿಂದ ಕೈತಪ್ಪಿತು.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈನಲ್ಲಿ ಎಫ್‌ಸಿ ಗೋವಾ ವಿರುದ್ಧ ಮತ್ತೊಂದು ಫೈನಲ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಗೋವಾದ ಅಹ್ಮದ್ ಜಾಹು ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. 117ನೇ ನಿಮಿಷ, ಪೆನಾಲ್ಟಿ ಶೂಟೌಟ್‌ಗೆ ಎಲ್ಲರೂ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾಗ ಬೆಂಗಳೂರಿಗೆ ಕಾರ್ನರ್ ಸಿಕ್ಕಿತು. ಸ್ಪೇನಿನ ಡಿಮಾಸ್ ಡೆಲ್ಗಾಡೊ ಒದ್ದ ಚೆಂಡಿಗೆ ರಾಹುಲ್ ಭೆಕೆ ತಲೆಕೊಟ್ಟರು. 1–0. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್, ಅದೂ ಡಿಫೆಂಡರ್ ಒಬ್ಬರಿಂದ.

ಭೆಕೆ ಮುಂಬೈನವರು, 1990ರಲ್ಲಿ ಹುಟ್ಟಿದವರು. ಮುಂಬೈ ಎಫ್‌ಸಿ, ಈಸ್ಟ್ ಬೆಂಗಾಲ್, ಕೇರಳ ಬ್ಲಾಸ್ಟರ್ಸ್ ಸುತ್ತಿ 2017ರಲ್ಲಿ ಬೆಂಗಳೂರಿಗೆ ಬಂದರು. ರೈಟ್ ಬ್ಯಾಕ್ ಆಗಿಯೂ ಸ್ಟಾಪರ್ ಆಗಿಯೂ ಆಡಬಲ್ಲವರಾದ್ದರಿಂದ ಯಾವ ಕೋಚ್ ಬಂದರೂ ಅವರಿಗೊಂದು ಜಾಗ ಇರುತ್ತಿತ್ತು. 2021ರಲ್ಲಿ ಮುಂಬೈ ಸಿಟಿಗೆ ಹೋಗಿ, 2024ರಲ್ಲಿ ಅದರ ನಾಯಕನಾಗಿ ಐಎಸ್‌ಎಲ್ ಕಪ್ ಎತ್ತಿ, ಅದೇ ವರ್ಷ ಬೆಂಗಳೂರಿಗೆ ಮರಳಿದರು. ಆಗ ವಯಸ್ಸು 33. ಸ್ಟ್ರೈಕರ್‌ನ ಕಾಲು ನಿಧಾನವಾಗುವ ಹೊತ್ತಿಗೆ ಡಿಫೆಂಡರ್‌ನ ತಲೆ ಚುರುಕಾಗಿರುತ್ತದೆ. ಓಟದಲ್ಲಿ ಕಳೆದುಕೊಂಡದ್ದನ್ನು ನಿಲ್ಲುವ ಜಾಗದಲ್ಲಿ ಗಳಿಸಿಕೊಳ್ಳಬಹುದು.

ಗಾಯ ಮತ್ತು ಕಾಗದಪತ್ರ

ಎಲ್ಲರಿಗೂ ಅಷ್ಟು ದೂರ ಬರುವ ಭಾಗ್ಯ ಇರುವುದಿಲ್ಲ. ಹೆಚ್ಚಿನ ಹೆದರಿಕೆ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜುವಿನದು. ಅದು ಹರಿದರೆ ಶಸ್ತ್ರಚಿಕಿತ್ಸೆ, ಆಮೇಲೆ ಆರರಿಂದ ಒಂಬತ್ತು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಆಟದಿಂದ ದೂರ. ಭಾರತದ ಪ್ರಮುಖ ಸ್ಟಾಪರ್ ಸಂದೇಶ್ ಝಿಂಗಾನ್ ಇದೇ ಗಾಯದಿಂದ 2019–20ರ ಇಡೀ ಋತು ಕಳೆದುಕೊಂಡರು. ಚೇತರಿಸಿಕೊಂಡು ಬಂದು 2022ರಲ್ಲಿ ಬೆಂಗಳೂರು ಎಫ್‌ಸಿ ಜೊತೆ ಡ್ಯುರಾಂಡ್ ಕಪ್ ಗೆದ್ದರು.

ಎರಡನೆಯ ಹೆದರಿಕೆ ಕ್ಲಬ್ಬೇ ಮುಚ್ಚಿಹೋಗುವುದು. ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. 2025ರಲ್ಲಿ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲ ಎದ್ದಾಗ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಎಚ್‌ಎಎಲ್ ಕಾಲದ ನೆಮ್ಮದಿ ಎಂದದ್ದು ಇದಕ್ಕೇ.

ಕಾಗದದ ಮಾತು ಬಂದರೆ, ಅಂತರರಾಷ್ಟ್ರೀಯ ಸಂಸ್ಥೆ ಫಿಫಾದ ನಿಯಮದಂತೆ ವೃತ್ತಿಪರ ಒಪ್ಪಂದ ಗರಿಷ್ಠ ಐದು ವರ್ಷದ್ದು, 18ರೊಳಗಿನವರಿಗೆ ಮೂರು ವರ್ಷದ್ದು. ಆಟಗಾರನೊಬ್ಬ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹಣಕ್ಕೆ ಮಾರಾಟವಾದರೆ ಅದರ ಶೇ 5ರಷ್ಟು ಪಾಲು 12ರಿಂದ 23ನೇ ವಯಸ್ಸಿನ ನಡುವೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು. ಇದಕ್ಕೆಲ್ಲ ಆಧಾರ ನೋಂದಣಿ. ಟರ್ಫ್ ಬಾಡಿಗೆಗೆ ಹಿಡಿದು ನಡೆಸುವ ಕೋಚಿಂಗ್‌ಗೂ, ಮಕ್ಕಳನ್ನು ನೋಂದಾಯಿಸಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗ್‌ಗಳಲ್ಲಿ ಆಡಿಸುವ ಕ್ಲಬ್‌ಗೂ ಇರುವ ಅಂತರ ಇಲ್ಲೇ. ಶುಲ್ಕ ಕಟ್ಟುವ ಮೊದಲು ಆರ್.ಆರ್. ನಗರದ ಪೋಷಕರು ಕೇಳಬೇಕಾದ್ದು ಮೂರು ಸಂಗತಿ: ಮಗುವಿನ ಹೆಸರು ನೋಂದಣಿಯಾಗುತ್ತದೆಯೇ, ವಾರಕ್ಕೊಮ್ಮೆಯಾದರೂ ಪೂರ್ಣ ಮೈದಾನ ಸಿಗುತ್ತದೆಯೇ, ಕೋಚ್ ಬಳಿ ಯಾವ ಲೈಸೆನ್ಸ್ ಇದೆ.

ಆಡಿದ ಮೇಲೆ

ಕೋಚಿಂಗ್ ಲೈಸೆನ್ಸ್‌ಗಳು ಡಿ ಇಂದ ಶುರುವಾಗಿ ಸಿ, ಬಿ, ಎ ದಾಟಿ ಪ್ರೊ ತನಕ ಹೋಗುತ್ತವೆ. ಹಿಂದೆ ನಿಂತವನಿಗೆ ಇಡೀ ಮೈದಾನ ಕಣ್ಣೆದುರಿಗೇ ಇರುತ್ತದೆ, ತೊಂಬತ್ತು ನಿಮಿಷವೂ ಉಳಿದವರಿಗೆ ಹೇಳಿಕೊಡುತ್ತಲೇ ಇರುತ್ತಾನೆ. ಹಾಗಾಗಿ ಡಿಫೆಂಡರ್‌ಗಳಿಗೆ ಈ ದಾರಿ ಒಗ್ಗುತ್ತದೆ. ಆಡುತ್ತಿರುವಾಗಲೇ ಡಿ, ಸಿ ಮುಗಿಸಿಕೊಂಡವರಿಗೆ ಕೊನೆಯ ಒಪ್ಪಂದ ಮುಗಿದ ಮರುತಿಂಗಳೇ ಯಾವುದಾದರೂ ಶಾಲೆಯಲ್ಲೋ ಅಕಾಡೆಮಿಯಲ್ಲೋ ಕೆಲಸ ಹುಡುಕಲು ಅನುಕೂಲ. ಜೆಎಸ್‌ಡಬ್ಲ್ಯು ಬಳ್ಳಾರಿ ಕಡೆಯ ವಿದ್ಯಾನಗರದಲ್ಲಿ ಹುಡುಗರನ್ನು ಇಟ್ಟುಕೊಂಡು ತರಬೇತಿ ಕೊಡುವ ಅಕಾಡೆಮಿ ನಡೆಸುತ್ತದೆ. ನಗರದ ಖಾಸಗಿ ಶಾಲೆಗಳಲ್ಲೂ ಈಗ ಫುಟ್‌ಬಾಲ್ ಕೋಚ್‌ಗೆ ಕೆಲಸವಿದೆ. ಸಂಬಳ ಆಡುವಾಗಿನಷ್ಟು ಇರುವುದಿಲ್ಲ, ಮೊಣಕಾಲಿಗೆ ಐಸ್ ಕಟ್ಟಿಕೊಳ್ಳುವುದೂ ಇರುವುದಿಲ್ಲ.