ಸಹಕಾರ ಸಾರಿಗೆ: ಮಲೆನಾಡಿನ ಒಂದು ಬಸ್ ಸಂಸ್ಥೆಯ ಚರಿತ್ರೆಯೂ ಅದರ ದಾಖಲೆಗಳೂ

ಶ್ರೀಕ್ಷೇತ್ರ ಹೊಂಬುಜದಲ್ಲಿ ಸಾಂತರ ಅರಸರ ಕಾಲದಲ್ಲಿ, ಕ್ರಿ.ಶ. 1062ರ ಸುಮಾರಿಗೆ, ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ ಎಂಬ ವರ್ತಕಶ್ರೇಷ್ಠನು ಜಿನಾಲಯವೊಂದನ್ನು ನಿರ್ಮಿಸಿದನು; ಕೆರೆಗಳನ್ನೂ ಕಟ್ಟಿಸಿದನು. ಒಂಬತ್ತು ಶತಮಾನಗಳು ಕಳೆದರೂ ಆ ಪುಣ್ಯಪುರುಷನ ಹೆಸರು ನಮಗೆ ತಿಳಿದಿರುವುದು ಶಿಲಾಶಾಸನದ ದೆಸೆಯಿಂದ. ಬಿ.ಎಲ್. ರೈಸ್ ಅವರು ಹೊಂಬುಜದ ಶಾಸನಗಳನ್ನು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಆದರೆ ಅದೇ ಹೊಂಬುಜಕ್ಕೂ ನರಸಿಂಹರಾಜಪುರದ ಸಿಂಹನಗದ್ದೆಗೂ ನಮ್ಮ ತಂದೆತಾಯಿಗಳನ್ನು ಕರೆದೊಯ್ದ ಬಸ್ಸುಗಳ ವೃತ್ತಾಂತವನ್ನು ಯಾವ ಶಿಲೆಯೂ ಹೇಳದು. ಅದು ಕಾಗದದ ಮೇಲಿದೆ. ಕಾಗದವು ಬೇಗನೆ ನಶಿಸುವ ವಸ್ತು.

ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಸರ್ಕಾರಿ ರಸ್ತೆ ಸಾರಿಗೆ ಇಲಾಖೆಯು ಪ್ರಾರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಹೀಗಿದ್ದರೂ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಸುತ್ತಿನ ಘಟ್ಟದ ಊರುಗಳಿಗೆ ದೀರ್ಘಕಾಲ ಖಾಸಗಿ ಬಸ್ಸುಗಳೇ ಆಧಾರವಾಗಿದ್ದವು. ಮಳೆಗಾಲದ ಕೆಸರಿನಲ್ಲಿ, ತಿರುವು ರಸ್ತೆಗಳಲ್ಲಿ ಓಡಿದ ಈ ವಾಹನಗಳು ವಿದ್ಯಾರ್ಥಿಯನ್ನು ಶಾಲೆಗೆ, ರೋಗಿಯನ್ನು ಆಸ್ಪತ್ರೆಗೆ, ಅಡಕೆ ಬೆಳೆಗಾರನನ್ನು ಶಿವಮೊಗ್ಗದ ಮಂಡಿಗೆ ಮುಟ್ಟಿಸುತ್ತಿದ್ದವು. ದುರ್ಗಿಗುಡಿಯ ಅಂಗಡಿಗಳಲ್ಲಿ ಮದುವೆಯ ಜವಳಿ ಕೊಂಡವರು ಹೊರಟ ಹಾದಿಯೂ ಇದೇ.

ಈ ಭಾಗದಲ್ಲಿ ಹೆಸರಾಗಿದ್ದ ಶಂಕರ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯು ಕಾರ್ಮಿಕ ವಿವಾದದ ತರುವಾಯ ಮುಚ್ಚಲ್ಪಟ್ಟಾಗ ಚಾಲಕರು, ನಿರ್ವಾಹಕರು, ಕುಶಲಕರ್ಮಿಗಳು ನಿರುದ್ಯೋಗಿಗಳಾದರು. ಆ ಸಂಕಟದಲ್ಲಿ ಅವರು ಕಂಡುಕೊಂಡ ದಾರಿ ಅಪೂರ್ವವಾದುದು. ತಾವೇ ಸದಸ್ಯರಾಗಿ, ತಾವೇ ಒಡೆಯರಾಗಿ 1991ರಲ್ಲಿ ಕೊಪ್ಪದಲ್ಲಿ ಸಾರಿಗೆ ಸಹಕಾರ ಸಂಘವನ್ನು ಕಟ್ಟಿದರು. ಆರು ಬಸ್ಸುಗಳಿಂದ ಆರಂಭವಾದ ಸಂಘವು ಕ್ರಮೇಣ 70ಕ್ಕೂ ಹೆಚ್ಚು ಬಸ್ಸುಗಳನ್ನು ಹೊಂದಿತು. 'ಸಹಕಾರ ಸಾರಿಗೆ' ಎಂಬ ಹೆಸರು ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳಲ್ಲಿಯೂ ಕರಾವಳಿಯಲ್ಲಿಯೂ ಮನೆಮಾತಾಯಿತು. ವಿದ್ಯಾರ್ಥಿಗಳಿಗೆ ಪ್ರಯಾಣದರದಲ್ಲಿ ರಿಯಾಯಿತಿಯನ್ನೂ ಸಂಘವು ನೀಡುತ್ತಿತ್ತು. ಜೀವಿಗಳು ಒಂದಕ್ಕೊಂದು ಉಪಕಾರಿಗಳಾಗಿ ಬಾಳಬೇಕೆಂಬ ನಮ್ಮ ಆಚಾರ್ಯರ ಉಪದೇಶಕ್ಕೆ ಇದಕ್ಕಿಂತ ಉತ್ತಮ ಲೌಕಿಕ ದೃಷ್ಟಾಂತ ಬೇಕಿಲ್ಲ.

ಆದರೆ ಸದುದ್ದೇಶವೊಂದರಿಂದಲೇ ವ್ಯಾಪಾರ ನಡೆಯದು. ಡೀಸೆಲ್ ಬೆಲೆ, ವಿಮೆ, ತೆರಿಗೆ, ಬಿಡಿಭಾಗಗಳ ವೆಚ್ಚ ಏರುತ್ತ ಹೋದವು. ಜನರ ಮನೆಗಳಿಗೆ ಸ್ವಂತ ವಾಹನಗಳು ಬಂದವು. ಆದಾಯಕ್ಕಿಂತ ವೆಚ್ಚ ಹೆಚ್ಚಾದ ಲೆಕ್ಕಕ್ಕೆ ಕೊನೆ ಯಾವುದೆಂಬುದು ವರ್ತಕರಿಗೆ ತಿಳಿಯದ್ದಲ್ಲ. 2020ರ ಫೆಬ್ರವರಿಯಲ್ಲಿ, ಕೊರೊನಾ ನಿರ್ಬಂಧಗಳು ಬರುವ ಮೊದಲೇ, ಸಹಕಾರ ಸಾರಿಗೆಯ ಬಸ್ಸುಗಳು ನಿಂತುಹೋದವು. ಒಂದು ತಲೆಮಾರಿನ ಕಾಲ ನೂರಾರು ಕುಟುಂಬಗಳಿಗೆ ಅನ್ನವಿತ್ತ ಸಂಸ್ಥೆಯು ಹೀಗೆ ಚರಿತ್ರೆಗೆ ಸೇರಿತು.

ಬಸ್ಸು ಗುಜರಿಗೆ ಹೋದರೂ ಅದರ ಚರಿತ್ರೆಯು ಉಳಿಯಬೇಕಾದರೆ ದಾಖಲೆಗಳು ಉಳಿಯಬೇಕು. ಇಂತಹ ಸಂಸ್ಥೆಯ ದಾಖಲೆಗಳು ಎರಡು ಬಗೆಯವು. ರಹದಾರಿಯ ಕಡತಗಳು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಸಂಬಂಧಿಸಿದವು. ಯಾವ ಊರಿನಿಂದ ಯಾವ ಊರಿಗೆ, ಯಾವ ವೇಳೆಗೆ, ದಿನಕ್ಕೆ ಎಷ್ಟು ಸಲ ಬಸ್ಸು ಓಡಬೇಕೆಂಬ ವಿವರ ಅವುಗಳಲ್ಲಿರುತ್ತದೆ. ಸಹಕಾರ ಸಂಘವಾದುದರಿಂದ 1959ರ ಸಹಕಾರ ಸಂಘಗಳ ಕಾಯಿದೆಯ ಮೇರೆಗೆ ಸದಸ್ಯರ ಪಟ್ಟಿ, ಷೇರಿನ ಲೆಕ್ಕ, ನಡವಳಿ ಪುಸ್ತಕ, ವಾರ್ಷಿಕ ಲೆಕ್ಕಪರಿಶೋಧನೆಯ ವರದಿಗಳೂ ಇರಬೇಕಾದುವೇ. ಇವು ಮೊದಲನೆಯ ಬಗೆ.

ಎರಡನೆಯ ಬಗೆಯವು ಯಾವ ಕಾಯಿದೆಯೂ ಕಾಯದಂತಹವು: ನಿರ್ವಾಹಕರ ಟ್ರಿಪ್ ಶೀಟುಗಳು, ಹರಿದ ಟಿಕೆಟುಗಳು, ವಿದ್ಯಾರ್ಥಿಗಳ ಪಾಸುಗಳು, ವೇಳಾಪಟ್ಟಿಯ ಫಲಕಗಳು, ಹೊಸ ಬಸ್ಸಿನ ಪೂಜೆಯ ಛಾಯಾಚಿತ್ರಗಳು. ಯಾವ ನಿಲ್ದಾಣದಲ್ಲಿ ಎಷ್ಟು ಜನ ಹತ್ತಿದರು, ಜಾತ್ರೆಯ ದಿನ ಎಷ್ಟು ವಸೂಲಾಯಿತು, ಮಳೆಯಿಂದ ಯಾವ ದಿನ ಬಸ್ಸು ಹೋಗಲಿಲ್ಲ ಎಂಬುದೆಲ್ಲ ಇಂತಹ ಚೂರುಪಾರು ಕಾಗದಗಳಿಂದಲೇ ತಿಳಿಯತಕ್ಕದ್ದು. ಸಂಸ್ಥೆ ಮುಚ್ಚಿದಾಗ ಮೊಟ್ಟಮೊದಲು ಹಳೆಯ ಕಾಗದದ ಅಂಗಡಿಗೆ ತೂಕಕ್ಕೆ ಹೋಗುವುದೂ ಇವೇ.

ಆದಕಾರಣ ಮಲೆನಾಡಿನ ಯಾವುದೇ ಬಸ್ ಸಂಸ್ಥೆಯಲ್ಲಿ ದುಡಿದವರ ಮನೆಗಳಲ್ಲಿ ಇಂತಹ ಕಾಗದಗಳಿದ್ದರೆ ಅವನ್ನು ರದ್ದಿಯೆಂದು ಎಣಿಸದೆ, ಊರಿನ ಗ್ರಂಥಾಲಯಕ್ಕೋ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಪ್ಪಿಸುವುದು ಯುಕ್ತ. ಇದೇ ಮಾತು ನಮ್ಮ ಅಂಗಡಿಗಳ ಕಿರ್ದಿ ಖಾತೆಗಳಿಗೂ ಬಸದಿಯ ಲೆಕ್ಕದ ಪುಸ್ತಕಗಳಿಗೂ ಅನ್ವಯಿಸುತ್ತದೆ. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದಾಗಿ ಎಣಿಸಿ, ತಾಳೆಯೋಲೆಗಳನ್ನು ಪ್ರತಿಮಾಡಿ ಕಾಪಾಡಿದ ಸಮಾಜವು ನಮ್ಮದು. ಇಂದು ಪ್ರತಿಷ್ಠೆಗೊಳ್ಳುತ್ತಿರುವ ಜಿನಬಿಂಬದ ಎದುರು ಮುಂದಿನ ತಲೆಮಾರು ನಿಂತು, "ಇದಕ್ಕಾಗಿ ಶ್ರಮಿಸಿದವರು ಯಾರು, ಈ ಉತ್ಸವಕ್ಕೆ ಜನ ಹೇಗೆ ಬಂದರು?" ಎಂದು ಕೇಳಿದಾಗ ಉತ್ತರಿಸಲು ನಮ್ಮ ಕಾಗದಗಳಾದರೂ ಇರಲಿ. ನೊಕ್ಕಯ್ಯಸೆಟ್ಟಿಗೆ ಶಿಲೆಯಿತ್ತು, ಚಾಲಕ ನಿರ್ವಾಹಕರಿಗೆ ಇರುವುದು ಟ್ರಿಪ್ ಶೀಟು ಮಾತ್ರ.

ಸಮಸ್ತ ಶ್ರಾವಕ ಶ್ರಾವಿಕೆಯರಿಗೂ ಮಂಗಳವಾಗಲಿ.