ಮಳಿಗೆಗೆ ಮುಂಗಡ ಕೊಡುವ ಮುನ್ನ: ವಾಣಿಜ್ಯ ಮೇಳಗಳ ಲೆಕ್ಕ ಓದುವ ಬಗೆ

ವಾಣಿಜ್ಯ ಮೇಳದಲ್ಲಿ ಮಳಿಗೆ ಹಿಡಿಯಲು ಹೊರಟ ಸಣ್ಣ ಉದ್ದಿಮೆದಾರರು ಮೊದಲು ಕೇಳುವುದು, ‘ಜನ ಎಷ್ಟು ಬರ್ತಾರೆ?’ ಎಂದು. ದಾರಿ ತಪ್ಪುವುದು ಅಲ್ಲಿಯೇ ಎಂಬುದು ಈ ಲೇಖನದ ವಾದ.

ತುಮಕೂರು ರಸ್ತೆಯ ಮಾದಾವರದಲ್ಲಿ ಭಾರತೀಯ ಯಂತ್ರೋಪಕರಣ ತಯಾರಕರ ಸಂಘ ನಡೆಸುವ ಇಮ್‌ಟೆಕ್ಸ್ ಮೇಳವನ್ನೇ ನೋಡಿ. 2023 ಮತ್ತು 2025ರದ್ದು ಲೋಹ ಕತ್ತರಿಸುವ ಯಂತ್ರಗಳ ಮೇಳ. 2024ರದ್ದು ಪ್ರೆಸ್, ಶೀಟ್ ಮೆಟಲ್ ಮುಂತಾಗಿ ಲೋಹಕ್ಕೆ ರೂಪ ಕೊಡುವ ಯಂತ್ರಗಳದ್ದು. ಊರು ಅದೇ, ಅಂಗಳ ಅದೇ, ಜನವರಿ ತಿಂಗಳೂ ಅದೇ. ಆದರೆ ಪೀಣ್ಯದಲ್ಲಿ ಶೀಟ್ ಬಗ್ಗಿಸುವ ಯಂತ್ರ ಮಾಡುವವರು ಬೆಸ ವರ್ಷದಲ್ಲಿ ಮಳಿಗೆ ಹಿಡಿದರೆ, ಎದುರು ಹಾದುಹೋಗುವವರಲ್ಲಿ ಹೆಚ್ಚಿನವರು ಸಿಎನ್‌ಸಿ ಲೇತ್ ಹುಡುಕಿಕೊಂಡು ಬಂದವರು.

ಇನ್ನು ಸಂಖ್ಯೆ. 3 ಮೀಟರ್‌ಗೆ 3 ಮೀಟರ್, ಅಂದರೆ 9 ಚದರ ಮೀಟರ್ ಮಳಿಗೆಯಲ್ಲಿ ಇಬ್ಬರು ನಿಂತಿದ್ದಾರೆ ಎನ್ನೋಣ. ಒಬ್ಬ ಗಿರಾಕಿಯೊಡನೆ 10 ನಿಮಿಷ ಮಾತು, ದಿನಕ್ಕೆ 8 ಗಂಟೆ, 5 ದಿನದ ಮೇಳ. ಊಟ, ಕಾಫಿ ಬಿಟ್ಟು ದುಡಿದರೂ ಒಟ್ಟು 480 ಮಾತುಕತೆ; ಅದಕ್ಕಿಂತ ಹೆಚ್ಚು ಆಗದು. ಆವರಣಕ್ಕೆ ಲಕ್ಷ ಜನ ನುಗ್ಗಿದರೂ ಈ 480 ಬೆಳೆಯುವುದಿಲ್ಲ. ಹಾಗಾಗಿ ಸಂಶೋಧಿಸಬೇಕಾದದ್ದು ಆ 480 ಮಂದಿ ಯಾರು ಎಂಬುದನ್ನು: ಖರೀದಿ ವಿಭಾಗದವರೋ, ವಿದ್ಯಾರ್ಥಿಗಳೋ, ಕೈಚೀಲ ತುಂಬಿಸಿಕೊಳ್ಳಲು ಬಂದವರೋ?

ಆಯೋಜಕರು ಕೊಡುವ ಅಂಕಿಗಳಲ್ಲಿ ಎರಡು ಕಡೆ ಎಡವುವ ಸಂಭವವಿದೆ. ಮೂರು ದಿನ ಬಂದ ಒಬ್ಬರನ್ನು ಮೂವರೆಂದು ಎಣಿಸಿದ್ದಾರೆಯೇ? ನಡಿಗೆದಾರಿ, ಉಪಾಹಾರ ಗೃಹಗಳನ್ನೂ ಪ್ರದರ್ಶನದ ಜಾಗಕ್ಕೆ ಸೇರಿಸಿದ್ದಾರೆಯೇ? ಮೇಳಗಳ ಅಂಕಿಅಂಶ ಪರಿಶೀಲಿಸಲು ಜರ್ಮನಿಯಲ್ಲಿ ಎಫ್‌ಕೆಎಂ ಎಂಬ ಸಂಸ್ಥೆ 1965ರಿಂದಲೇ ಇದೆ. 1925ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದ ಯುಎಫ್‌ಐ ಒಕ್ಕೂಟವೂ ಲೆಕ್ಕಪರಿಶೋಧನೆಯಾದ ಅಂಕಿಗಳಿಲ್ಲದೆ ಮೇಳಕ್ಕೆ ಮುದ್ರೆ ಒತ್ತುವುದಿಲ್ಲ. ಅಂಥ ಮುದ್ರೆಯಿಲ್ಲದ ಮೇಳಗಳೆಲ್ಲ ಟೊಳ್ಳೆಂದಲ್ಲ. ಕೇಳುವ ಕೆಲಸ ನಮ್ಮ ಮೇಲೆ ಬೀಳುತ್ತದೆ, ಅಷ್ಟೆ.

ನನ್ನ ಮಟ್ಟಿಗೆ ಅತ್ಯುತ್ತಮ ಆಕರ ಹಳೆಯ ಕೈಪಿಡಿಗಳು. ಹಿಂದಿನ ಎರಡು ಮೇಳಗಳ ಪ್ರದರ್ಶಕರ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ನಿಮ್ಮದೇ ಕಸುಬಿನವರ ಹೆಸರಿಗೆ ಗೆರೆ ಎಳೆಯಿರಿ. ಕೈಯಿಂದ ದುಡ್ಡು ಹಾಕಿದವರು ಮತ್ತೆ ಬಂದಿದ್ದಾರೆಂದರೆ ಅದು ಯಾವ ಜಾಹೀರಾತಿಗಿಂತಲೂ ಗಟ್ಟಿ ಸಾಕ್ಷ್ಯ. ಮರಳಿ ಬಾರದವರಿಗೆ ಫೋನ್ ಮಾಡಿದರೆ ಇನ್ನೂ ಹೆಚ್ಚು ತಿಳಿಯುತ್ತದೆ.

ಮಳಿಗೆ ಹಿಡಿಯುವ ಮೊದಲಿನ ಮೇಳಕ್ಕೆ ಒಮ್ಮೆ ಬರಿಗೈಯಲ್ಲಿ ಹೋಗಿ, ಯಾವ ಮೂಲೆಯಲ್ಲಿ ಜನ ನಿಲ್ಲುತ್ತಾರೆ, ಯಾವ ಕಂಬ ಮಳಿಗೆಯನ್ನು ಮರೆಮಾಡುತ್ತದೆ ಎಂದು ನೋಡಿ ಬನ್ನಿ. ಪೀಣ್ಯದವರಿಗಂತೂ ನೆಪವಿಲ್ಲ: 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೆ ಓಡುತ್ತಿದೆ.