ವಿಕಾಸವಾದ ಮತ್ತು ಇತಿಹಾಸದರ್ಶನ: ವಿಜಯಪುರದ ಎರಡು ಸಮಾಧಿಗಳು

ಸರಳತೆಯಿಂದ ಸಂಕೀರ್ಣತೆಗೆ ಸಾಗುವುದೇ ಪ್ರಗತಿಯ ನಿಯಮವೆಂದು ಹರ್ಬರ್ಟ್ ಸ್ಪೆನ್ಸರ್ 1857ರಲ್ಲಿ ವಾದಿಸಿದನು. ಸಮಾಜ, ಭಾಷೆ, ಕಲೆಗಳೂ ಈ ನಿಯಮಕ್ಕೆ ಒಳಪಟ್ಟವು ಎಂಬುದು ಅವನ ನಿಲುವು. ವಿಜಯಪುರದ ವಾಸ್ತುಶಿಲ್ಪ ಇದಕ್ಕೆ ಒಗ್ಗುವುದಿಲ್ಲ.

ಅಥಣಿ ರಸ್ತೆ ಸಾಗುವ ಪಶ್ಚಿಮ ದಿಕ್ಕಿನಲ್ಲಿ, ಕೋಟೆಯ ಹೊರಗೆ ಇಬ್ರಾಹಿಂ ರೋಜಾ ಇದೆ. 1627ರಲ್ಲಿ ನಿಧನನಾದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಈ ಸಮಾಧಿಯ ಗೋಡೆಗಳು ಸೂಕ್ಷ್ಮ ಕೆತ್ತನೆಯಿಂದ ತುಂಬಿವೆ. 1656ರಲ್ಲಿ ತೀರಿಕೊಂಡ ಮಗ ಮುಹಮ್ಮದನ ಗೋಳಗುಮ್ಮಟವಾದರೋ ಬಹುಮಟ್ಟಿಗೆ ನಿರಾಭರಣ. ಅದರ ಹಿರಿಮೆಯೆಲ್ಲ ಗುಮ್ಮಟದ ಹರವಿನಲ್ಲಿದೆ. ಅಲಂಕಾರವೇ ಮಾನದಂಡವಾದರೆ ಇದು ಅವನತಿ, ನಿರ್ಮಾಣಕೌಶಲವಾದರೆ ಉನ್ನತಿ.

ಡಾರ್ವಿನ್ 1859ರಲ್ಲಿ ಮಂಡಿಸಿದ ನೈಸರ್ಗಿಕ ಆಯ್ಕೆಗೆ ಪೂರ್ವನಿಶ್ಚಿತ ಗುರಿಯಿಲ್ಲ. ಗುರಿಯನ್ನು ಆರೋಪಿಸಿದವರು ಪ್ರಗತಿವಾದಿಗಳು. ಕೃತಿಯ ಹಿಂದಿನ ಆಲೋಚನೆಯನ್ನು ಇತಿಹಾಸಕಾರನು ತನ್ನಲ್ಲಿ ಮರುಚಿಂತಿಸಬೇಕೆಂದ ಕಾಲಿಂಗ್‌ವುಡ್‌ನ ಮಾರ್ಗದಲ್ಲಿ ನೋಡಿದರೆ, ತಂದೆ-ಮಗನ ಸಮಾಧಿಗಳು ಒಂದೇ ಏಣಿಯ ಮೆಟ್ಟಿಲುಗಳಲ್ಲ. ಎರಡು ಭಿನ್ನ ಸಂಕಲ್ಪಗಳು.